ಬಳ್ಳಿಯನ್ನು ಕೀಳುವ ಮುನ್ನ



ನಿಮ್ಮ ಮನೆಯ ಹಿತ್ತಲಲ್ಲಿ ಏನೇನಿದೆ? ಒಂದು ಬಸಳೆ ಚಪ್ಪರ, ನಾಲ್ಕು ಬೆಂಡೆ ಗಿಡ, ಬೇಲಿಗೆ ಹಬ್ಬಿದ ತೊಂಡೆ ಬಳ್ಳಿ? ಪಟ್ಟಣದವರಾದರೆ ತಾರಸಿಯ ಮೇಲೆ ಎರಡು ಕುಂಡ? ಇದ್ದರೆ ಇಂದಿನ ಮಾತು ನಿಮಗೆ ಬೇಗ ಅರ್ಥವಾಗುತ್ತದೆ. ಇಲ್ಲದಿದ್ದರೂ ಚಿಂತೆಯಿಲ್ಲ, ಮನೆಯಲ್ಲಿ ಮಕ್ಕಳಿದ್ದರೆ ಸಾಕು.

ಕರಾವಳಿಯ ಒಂದು ಧರ್ಮಕೇಂದ್ರಕ್ಕೆ ನಾನು ವರ್ಗವಾಗಿ ಬಂದ ಮೊದಲ ಮಳೆಗಾಲವದು. ಗುರುನಿವಾಸದ ಹಿಂದೆ ಸ್ವಲ್ಪ ಜಾಗ ಬರಿದೇ ಬಿದ್ದಿತ್ತು. ಅಡುಗೆಮನೆಯಲ್ಲಿ ಹೆಚ್ಚಿದ ಸಿಹಿಗುಂಬಳದ ಬೀಜಗಳನ್ನು ತೊಳೆದು ಒಣಗಿಸಿ, ಜೂನ್ ತಿಂಗಳ ಮಳೆ ಹಿಡಿದೊಡನೆ ಬಿತ್ತಿದೆ. ಬಳ್ಳಿ ಹುಲುಸಾಗಿ ಹಬ್ಬಿತು. ಒಂದೂವರೆ ತಿಂಗಳಿಗೆ ಹೂ ಬಿಟ್ಟಿತು. ಬೆಳಗಿನ ಪೂಜೆ ಮುಗಿಸಿ ದಿನವೂ ಹೋಗಿ ನೋಡುತ್ತಿದ್ದೆ. ನಸುಕಿನಲ್ಲಿ ಅರಳಿದ ಹಳದಿ ಹೂಗಳು ಮಧ್ಯಾಹ್ನದೊಳಗೆ ಮುದುಡಿ, ಆಮೇಲೆ ಉದುರುತ್ತಿದ್ದವು. ಹತ್ತು ದಿನ ಕಾದೆ. ಒಂದು ಮಿಡಿಯೂ ಕಾಣಲಿಲ್ಲ. ಇದು ಗೊಡ್ಡು ಬಳ್ಳಿ ಎಂದು ತೀರ್ಮಾನಿಸಿ ಬುಡಸಮೇತ ಕಿತ್ತು ಬೇಲಿಯ ಬದಿಗೆ ಎಸೆದೆ.

ಬೇಲಿಯಾಚೆ ಒಬ್ಬರು ಅಜ್ಜಿಯ ಮನೆ. ಅವರು ನಮ್ಮ ಧರ್ಮದವರಲ್ಲ. ಆದರೆ ಅವರ ಹಿತ್ತಲ ತರಕಾರಿ ಜಾತಿಭೇದವಿಲ್ಲದೆ ಊರಿನ ಎಲ್ಲರ ಅಡುಗೆಮನೆಗೂ ಹೋಗುತ್ತದೆ. ಬಾಡುತ್ತಿದ್ದ ಬಳ್ಳಿಯನ್ನು ನೋಡಿ ಅವರು, "ಪಾದ್ರಿಗಳೇ, ಇದನ್ನು ಯಾಕೆ ಕಿತ್ತಿರಿ?" ಎಂದು ಕೇಳಿದರು. ಕಾರಣ ಹೇಳಿದೆ. ಅವರು ಬಗ್ಗಿ ಬಳ್ಳಿಯ ತುದಿಯನ್ನು ಎತ್ತಿ ತೋರಿಸಿದರು. ಅಲ್ಲೊಂದು ಮೊಗ್ಗು, ಅದರ ಬುಡದಲ್ಲಿ ಬಟಾಣಿ ಕಾಳಿನಷ್ಟು ಪುಟ್ಟ ಗುಂಡು ಕಾಯಿ. "ಕುಂಬಳ ಮೊದಲು ಬಿಡುವುದು ಗಂಡು ಹೂ. ಅದು ಉದುರುವುದೇ. ಹೆಣ್ಣು ಹೂ ವಾರ ಹದಿನೈದು ದಿನ ಬಿಟ್ಟು ಬರುತ್ತದೆ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಸಾಕಿತ್ತು!"

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ, ಬೀಜದೊಳಗೆ ಮರವಾಗುವ ಸಾಮರ್ಥ್ಯ ಅಡಗಿದೆಯೆಂಬ ಅರಿಸ್ಟಾಟಲನ ವಿಚಾರದ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಹಿತ್ತಲಿನ ಪರೀಕ್ಷೆಯಲ್ಲಿ ಫೇಲಾದೆ.

ಬಳ್ಳಿಗಿಂತ ದೊಡ್ಡ ನೋವು ಬೇರೆಯಿತ್ತು. ಅದಕ್ಕೆ ಒಂದು ವಾರದ ಹಿಂದೆ ಒಬ್ಬ ತಂದೆ ನನ್ನ ಬಳಿ ಬಂದಿದ್ದರು. ಮಗ ಪಿಯುಸಿಯಲ್ಲಿ ಎರಡು ಸಲ ನಪಾಸಾಗಿದ್ದ, ಯಾರೊಡನೆಯೂ ಮಾತಿಲ್ಲ, ಪೂಜೆಗೂ ಬರುತ್ತಿರಲಿಲ್ಲ. "ಇವನಿಂದ ಏನೂ ಆಗದು ಫಾದರ್, ಮನೆಯಿಂದ ಹೊರಗೆ ಹಾಕುತ್ತೇನೆ" ಎಂದರು. ನಾನು ತಡೆಯಲಿಲ್ಲ. "ದೂರವಿದ್ದರೆ ಬುದ್ಧಿ ಬಂದೀತು" ಎಂದುಬಿಟ್ಟೆ. ಅಂದು ಬೇಲಿಯ ಬಳಿ ನಿಂತಾಗ ಆ ಹುಡುಗನ ಮುಖ ಕಣ್ಣೆದುರು ಬಂತು. (ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಯೇಸುಸ್ವಾಮಿ ಹೇಳಿದ ಅಂಜೂರದ ಮರದ ಸಾಮತಿ ನಿಮಗೆ ಗೊತ್ತಿದೆ (ಲೂಕ 13:6-9). ಮೂರು ವರ್ಷ ಹಣ್ಣಿಗಾಗಿ ಬಂದು ಬರಿಗೈಲಿ ಮರಳಿದ ಯಜಮಾನ ಮರವನ್ನು ಕಡಿಸಲು ಹೊರಡುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಗಮನಿಸಿ, ತೋಟಗಾರ ಯಜಮಾನನ ಲೆಕ್ಕ ತಪ್ಪೆಂದು ವಾದಿಸುವುದಿಲ್ಲ. ಹಣ್ಣು ಖಂಡಿತ ಬರುತ್ತದೆಂದು ಭರವಸೆಯನ್ನೂ ಕೊಡುವುದಿಲ್ಲ. ಸಮಯ ಕೇಳುತ್ತಾನೆ, ಕೆಲಸವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ: ಸುತ್ತಲೂ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಸುಮ್ಮನೆ ಕಾಯುವುದು ತಾಳ್ಮೆಯಲ್ಲ. ಗುದ್ದಲಿ ಹಿಡಿದು ಕಾಯುವುದು ತಾಳ್ಮೆ.

ಮೊದಲು ಅಗೆತ, ಆಮೇಲೆ ಗೊಬ್ಬರ. ಈ ಕ್ರಮದ ಅರ್ಥವನ್ನು ಆ ಅಜ್ಜಿಯಿಂದಲೇ ಕಲಿತೆ. ಜಡಿಮಳೆಗೆ ಬುಡದ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯಾಡುವುದಿಲ್ಲ. ಮೊದಲು ಬೇರಿಗೆ ಪೆಟ್ಟಾಗದಂತೆ ಮಣ್ಣನ್ನು ಸಡಿಲಿಸಬೇಕು. ಸಗಣಿಯನ್ನು ಹಸಿಯಾಗಿ ಹಾಕಬಾರದು, ಬೇರು ಸುಟ್ಟುಹೋಗುತ್ತದೆ. ಚೆನ್ನಾಗಿ ಕೊಳೆತು ಪುಡಿಯಾದ ಗೊಬ್ಬರವನ್ನು ಬುಡದಿಂದ ಗೇಣು ದೂರದಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಹೆಚ್ಚಾದರೆ ಬರೀ ಎಲೆ, ಕಾಯಿ ಕಡಿಮೆ.

ಹೆತ್ತವರೇ, ನಮ್ಮ ಉಪದೇಶಗಳೂ ಹೀಗೆಯೇ ಅಲ್ಲವೇ? ಕೋಪ ಆರುವ ಮುನ್ನ ಹೇಳಿದ ಬುದ್ಧಿಮಾತು ಹಸಿ ಸಗಣಿಯಂತೆ ಸುಡುತ್ತದೆ. ಮೊದಲು ಮಗುವಿನ ಮಾತು ಕೇಳಿ, ಮನಸ್ಸಿನ ಮಣ್ಣು ಸಡಿಲವಾಗಲಿ. ಆಮೇಲೆ ಸ್ವಲ್ಪವೇ ಹೇಳಿ.

ಅಜ್ಜಿ ಇನ್ನೊಂದು ಸಂಗತಿ ತೋರಿಸಿದರು. ಮಳೆ ಬಿಡದೆ ಸುರಿಯುವಾಗ ಜೇನುನೊಣ ಹೊರಬರುವುದಿಲ್ಲ. ಹೆಣ್ಣು ಹೂ ಅರಳಿದರೂ ಮಿಡಿ ಕೊಳೆತು ಬೀಳುತ್ತದೆ. ಆಗ ಬೆಳಿಗ್ಗೆ ಬೇಗನೆ ಎದ್ದು ಒಂದು ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲನೆ ಸವರಬೇಕು. ಹೀರೆಗಾದರೆ ಇದೇ ಕೆಲಸ ಸಂಜೆ, ಏಕೆಂದರೆ ಹೀರೆಯ ಹೂ ಅರಳುವುದು ಸಂಜೆಯಲ್ಲಿ. ಒಂದೊಂದು ಬಳ್ಳಿಗೆ ಒಂದೊಂದು ಹೊತ್ತು. ಅಣ್ಣ ಹದಿನೆಂಟಕ್ಕೆ ಅರಳಿದನೆಂದು ತಮ್ಮನೂ ಅದೇ ವಯಸ್ಸಿಗೆ ಅರಳಬೇಕೇ? ಜೇನು ಬಾರದ ಕಾಲದಲ್ಲಿ ಯಾರಾದರೂ ಜೇನಿನ ಕೆಲಸ ಮಾಡಬೇಕು. ಅದು ಸೋದರಮಾವನಾಗಬಹುದು, ಪಕ್ಕದ ಮನೆಯವರಾಗಬಹುದು, ಧರ್ಮಕೇಂದ್ರದ ಗುರುವೂ ಆಗಬಹುದು.

ಅಂದು ಸಂಜೆಯೇ ಆ ಮನೆಗೆ ಹೋಗಿ ತಂದೆಯ ಮುಂದೆ ನನ್ನ ಸಲಹೆಯನ್ನು ಹಿಂತೆಗೆದುಕೊಂಡೆ. ಕ್ಷಮೆ ಕೇಳಲು ನಾಲಿಗೆ ತಡವರಿಸಿತು, ಕೇಳಿದೆ. ಆ ಹುಡುಗ ಪರೀಕ್ಷೆ ಪಾಸಾದನೇ? ಇನ್ನೂ ಇಲ್ಲ. ಪೂಜೆಗೆ ಬರುತ್ತಾನೆಯೇ? ಒಮ್ಮೊಮ್ಮೆ, ಹಿಂದಿನ ಬಾಗಿಲ ಬಳಿ ನಿಲ್ಲುತ್ತಾನೆ. ಆದರೆ ತಂದೆ ಮಗ ಈಗ ರಾತ್ರಿ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಅಂಜೂರದ ಮರ ಕೊನೆಗೆ ಹಣ್ಣು ಬಿಟ್ಟಿತೋ ಇಲ್ಲವೋ ಯೇಸುಸ್ವಾಮಿಯೂ ಹೇಳಲಿಲ್ಲ. ಆ ಕಥೆಯನ್ನು ಮುಂದುವರಿಸುವ ಕೆಲಸವನ್ನು ನಮಗೆ ಬಿಟ್ಟರು.

ಹಿತ್ತಲಿನ ಜ್ಞಾನ ಬೇಲಿ ದಾಟಿದಾಗಲೇ ಬೆಳೆಯುತ್ತದೆ. ಆ ಅಜ್ಜಿಯನ್ನು ಮೊದಲೇ ಕೇಳಿದ್ದರೆ ನನ್ನ ಬಳ್ಳಿ ಉಳಿಯುತ್ತಿತ್ತು. ಓದಿದವನೆಂಬ ಬಿಗುಮಾನ ಬಿಡಲಿಲ್ಲ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನದ ಹಬ್ಬದಂದು ಕರಾವಳಿಯ ನಮ್ಮ ಮನೆಗಳಲ್ಲಿ ಹೊಸ ತೆನೆಯ ಊಟಕ್ಕೆ ಬಗೆಬಗೆಯ ತರಕಾರಿ ಬೇಕು. ಅಷ್ಟೂ ಬಗೆ ಒಬ್ಬರ ಹಿತ್ತಲಲ್ಲೇ ಸಿಗುವುದು ಅಪರೂಪ. ಹರಿವೆ ಒಂದು ಮನೆಯಿಂದ, ಬೆಂಡೆ ಇನ್ನೊಂದು ಮನೆಯಿಂದ ಬರುತ್ತದೆ. ಆ ವರ್ಷ ಗುರುನಿವಾಸದ ಎಲೆಗೆ ಬಿದ್ದ ಕುಂಬಳದ ಪಲ್ಯ ಬೇಲಿಯಾಚೆಯ ಅಜ್ಜಿಯ ಹಿತ್ತಲಿನದು.

ಈ ವಾರ ಎರಡು ಕೆಲಸ ಮಾಡೋಣ. ಬಸಳೆಯ ಬಲಿತ ದಂಟುಗಳನ್ನು ಮೂರು ನಾಲ್ಕು ಗಿಣ್ಣು ಇರುವಂತೆ ಕತ್ತರಿಸಿ, ಮಾತು ಬಿಟ್ಟಿರುವ ನೆರೆಮನೆಗೆ ಒಯ್ದು ಕೊಡೋಣ. ಎರಡು ಗಿಣ್ಣು ಮಣ್ಣಿನೊಳಗೆ ಇಟ್ಟು ನೆರಳು ಮಾಡಿದರೆ ಅದು ಸುಲಭವಾಗಿ ಚಿಗುರುತ್ತದೆ, ಮಾತೂ ಚಿಗುರೀತು. ಎರಡನೆಯದು, ಇವನಿಂದ ಏನೂ ಆಗದು ಎಂದು ನಾವು ಕೈಬಿಟ್ಟ ಒಬ್ಬರ ಹೆಸರನ್ನು ಇಂದು ರಾತ್ರಿಯ ಜಪಸರದಲ್ಲಿ ನೆನೆದು, ಪ್ರಭುವಿನ ಬಳಿ ಅವರಿಗಾಗಿ ಇನ್ನೊಂದು ವರ್ಷ ಬೇಡೋಣ.

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಪ್ರಭುವನ್ನು ಕಂಡು ತೋಟಗಾರನೆಂದು ಭಾವಿಸಿದಳು (ಯೊವಾನ್ನ 20:15). ಅವಳೆಣಿಕೆ ಪೂರ್ತಿ ತಪ್ಪಲ್ಲ. ನಮ್ಮ ಬುಡವನ್ನು ಎಷ್ಟೋ ಸಲ ಅಗೆದು, ಗೊಬ್ಬರ ಹಾಕಿ, ಇನ್ನೊಂದು ವರ್ಷ ಬೇಡಿಕೊಂಡವರು ಅವರೇ. ಆ ತೋಟಗಾರನ ತಾಳ್ಮೆ ನಮ್ಮ ಮನೆಗಳಲ್ಲಿಯೂ ಬೇರೂರಲಿ.