ಹದಿನೈದರ ನಂತರದ ಲೆಕ್ಕ

2021ರ ಆಗಸ್ಟ್ 7ರ ಬೆಳ್ಳಂಬೆಳಗ್ಗೆ, ಗಾಲ್ಫ್ ಆಟದ ಗಂಧಗಾಳಿ ಇಲ್ಲದ ಎಷ್ಟೋ ಜನ ಟೀವಿ ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರು ದಿನದ ಆಟ ಮುಗಿದಾಗ ಬೆಂಗಳೂರಿನ ಅದಿತಿ ಅಶೋಕ್ ಎರಡನೇ ಸ್ಥಾನದಲ್ಲಿದ್ದರು. ಆಗ ವಿಶ್ವ ಶ್ರೇಯಾಂಕದಲ್ಲಿ ಅವರದು 200ನೇ ಸ್ಥಾನ. ಬ್ಯಾಗು ಹೊತ್ತು ಜೊತೆಗೆ ನಡೆಯುತ್ತಿದ್ದವರು ಅವರ ಅಮ್ಮ. ಕೊನೆಯ ದಿನ ಅದಿತಿ 68 ಹೊಡೆತಗಳಲ್ಲಿ ಆಟ ಮುಗಿಸಿದರು. ಆ ಅಂಗಳಕ್ಕೆ ನಿಗದಿಯಾದ ಲೆಕ್ಕ, ಗಾಲ್ಫಿನವರು ಪಾರ್ ಅನ್ನುವುದು, 71. ಅಂದರೆ ಅದು ಒಳ್ಳೆಯ ಆಟವೇ. ಆದರೆ ಅದೇ ದಿನ ಲಿಡಿಯಾ ಕೋ ಮತ್ತು ಮೊನೆ ಇನಾಮಿ 65ರಲ್ಲಿ ಮುಗಿಸಿದರು. ಹದಿನೆಂಟನೇ ಕುಳಿಯ ಹತ್ತಿರ ಅದಿತಿ ದೂರದಿಂದ ತಳ್ಳಿದ ಚೆಂಡು ಒಳಗೆ ಬೀಳಲಿಲ್ಲ. ಒಂದೇ ಒಂದು ಹೊಡೆತದಲ್ಲಿ ಪದಕ ಹೋಯಿತು. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ದೇಶ ಅತ್ತ ತಿರುಗಿತು.

ಆ ಬೆಳಗ್ಗೆಗೂ ಸಂಜೆಗೂ ನಡುವೆ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಕೇಳಿದ ಮಾತೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ: 'ಕೊನೇಲಿ ಟೆನ್ಶನ್ ತಗೊಂಡ್‌ಬಿಟ್ಲು, ಪಾಪ.' ಹೇಳಿದವರಿಗೆ ಅದಿತಿಯ ಮೇಲೆ ಕೋಪವೇನೂ ಇರಲಿಲ್ಲ, ಪ್ರೀತಿಯೇ ಇತ್ತು. ಆದರೂ ಅದು ತೀರ್ಪು. ಪಾರ್‌ಗಿಂತ ಮೂರು ಹೊಡೆತ ಕಡಿಮೆಯಲ್ಲಿ ಮುಗಿಸಿದವರ ಮನಸ್ಸಿನಲ್ಲಿ ಏನು ಕೊರತೆ ಕಂಡಿತು? ಕೊರತೆ ಕಂಡದ್ದು ಅಂಕಪಟ್ಟಿಯಲ್ಲಿ. ಅಲ್ಲಿಂದ ಮನಸ್ಸಿಗೆ ಹಾರಿದ್ದು ನಾವು. ಕೊನೆಯ ಹಂತದಲ್ಲಿ ಗಟ್ಟಿಯಾಗಿ ನಿಲ್ಲುವುದು ನಿಜಕ್ಕೂ ಒಂದು ಗುಣವೇ, ಅಥವಾ ಗೆದ್ದವರ ಬೆನ್ನಿಗೆ ಆಮೇಲೆ ನಾವು ಅಂಟಿಸುವ ಚೀಟಿಯೇ?

ಈ ಆಟ ನನಗೆ ಗೊತ್ತಾದದ್ದು ಆಡಿ ಅಲ್ಲ. ನಮ್ಮ ಸೋದರಮಾವ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಬಹಳ ವರ್ಷ ಕ್ಯಾಡಿಯಾಗಿದ್ದರು. ಬೇರೆಯವರ ಬ್ಯಾಗು ಹೊತ್ತು ಬೇರೆಯವರ ಮನಸ್ಸನ್ನು ಅಷ್ಟು ಹತ್ತಿರದಿಂದ ನೋಡುವ ಕೆಲಸ ಇನ್ನೊಂದಿರಲಾರದು. ಗಾಲ್ಫಿನ ನಿಯಮದ ಪ್ರಕಾರ ಒಂಟಿಯಾಗಿ ಆಡುವವರು ಆಟದ ನಡುವೆ ಸಲಹೆ ಕೇಳಬಹುದಾದದ್ದು ತಮ್ಮ ಕ್ಯಾಡಿಯನ್ನು ಮಾತ್ರ. ದೊಡ್ಡ ದೊಡ್ಡ ಕಂಪನಿಗಳ ಯಜಮಾನರು 'ಏನ್ ಮಾಡೋಣ' ಅಂತ ತಿರುಗಿ ನೋಡುತ್ತಿದ್ದುದು ನಮ್ಮ ಮಾವನ ಕಡೆಗೆ. ಮಾವ ಹೇಳುತ್ತಿದ್ದರು: 'ನೋಡಮ್ಮ, ಹದಿನೈದು ಹೋಲ್‌ವರೆಗೂ ಅವರು ಚೆಂಡು ಹೊಡೀತಾರೆ. ಆಮೇಲೆ ಲೆಕ್ಕ ಹಾಕೋಕೆ ಶುರು ಮಾಡ್ತಾರೆ. ಮಾತಾಡ್ತಿದ್ದೋರು ಸುಮ್ಮನಾಗ್ತಾರೆ, ಸುಮ್ಮನಿದ್ದೋರು ಮಾತಾಡ್ತಾರೆ. ಅಲ್ಲಿಗೆ ನಂಗೆ ಗೊತ್ತಾಗೋದು.'

ಲೆಕ್ಕ ಹಾಕಲು ಸಮಯವೂ ಧಾರಾಳ. ಹದಿನೆಂಟು ಹೋಲ್‌ ಮುಗಿಸಲು ನಾಲ್ಕೈದು ಗಂಟೆ ಬೇಕು. ಅದರಲ್ಲಿ ಚೆಂಡು ಹೊಡೆಯುವ ಹೊತ್ತನ್ನೆಲ್ಲ ಕೂಡಿಸಿದರೂ ಕೆಲವೇ ನಿಮಿಷ. ಉಳಿದದ್ದೆಲ್ಲ ನಡಿಗೆ, ಕಾಯುವುದು, ಯೋಚನೆ. ಕ್ರಿಕೆಟ್ಟಿನಲ್ಲಿ ಚೆಂಡು ನಿಮ್ಮ ಕಡೆಗೆ ಬಂದೇ ಬರುತ್ತದೆ, ಮನಸ್ಸು ಬೇಡವೆಂದರೂ ಕೈ ಏನೋ ಒಂದು ಮಾಡುತ್ತದೆ. ಗಾಲ್ಫಿನಲ್ಲಿ ಚೆಂಡು ಸುಮ್ಮನೆ ಹುಲ್ಲಿನ ಮೇಲೆ ಕೂತಿರುತ್ತದೆ, ನೀವು ತಯಾರಾಗುವ ತನಕ.

ಗಣಿತ ಮಾತ್ರ ಇಲ್ಲಿ ನಿರ್ದಯಿ. ಮೊದಲನೇ ಹೋಲ್‌ನಲ್ಲಿ ತಪ್ಪಿದ ಎರಡಡಿಯ ಪಟ್‌ಗೂ ಹದಿನೆಂಟನೆಯದರಲ್ಲಿ ತಪ್ಪಿದ ಎರಡಡಿಯ ಪಟ್‌ಗೂ ಬೆಲೆ ಒಂದೇ ಹೊಡೆತ. ಆದರೆ ಬೆಳಗ್ಗೆ ಕಳೆದುಕೊಂಡದ್ದನ್ನು ಯಾರೂ ನೆನಪಿಡುವುದಿಲ್ಲ, ಸಂಜೆ ಕಳೆದುಕೊಂಡದ್ದು ಹೆಸರಿಗೆ ಅಂಟಿಕೊಳ್ಳುತ್ತದೆ. ಕೊನೆಯ ತಪ್ಪನ್ನು ಸರಿಪಡಿಸಲು ಮುಂದೆ ಜಾಗವಿಲ್ಲ ಎನ್ನಬಹುದು. ನಿಜ. ಆದರೆ ಅದು ಸಮಯದ ಗುಣ, ಮನುಷ್ಯನ ಗುಣವಲ್ಲ.

ಹಾಗಾದರೆ ಕೊನೆಯಲ್ಲಿ ಕೈ ನಡುಗುವುದು ಸುಳ್ಳೇ? ಸುಳ್ಳಲ್ಲ. ಮನಶ್ಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ಗಾಲ್ಫ್ ಪಟ್ಟಿಂಗ್‌ ಇಟ್ಟುಕೊಂಡೇ ಪ್ರಯೋಗಗಳನ್ನು ಮಾಡಿದರು. ತಮ್ಮ ಕೈಯ ಚಲನೆಯನ್ನು ಗಮನಿಸುತ್ತ ಹೊಡೆಯಿರಿ ಎಂದಾಗ ಹೊಸಬರ ಆಟ ಸುಧಾರಿಸಿತು, ಪಳಗಿದವರ ಆಟ ಕೆಟ್ಟಿತು. ಪಳಗಿದ ಕೈಗೆ ಮನಸ್ಸಿನ ಮೇಲ್ವಿಚಾರಣೆ ಬೇಡ, ಬಂದರೆ ಎಡವುತ್ತದೆ. ಸೈಕಲ್ ಹೊಡೆಯುವಾಗ 'ಈಗ ಹ್ಯಾಂಡಲ್ ಎಷ್ಟು ತಿರುಗಿಸಲಿ' ಎಂದು ಯೋಚಿಸಿ ನೋಡಿ. ಇದರಿಂದ ಬರುವ ತೀರ್ಮಾನ ನಮ್ಮ ಮೆಸ್ಸಿನ ತೀರ್ಪಿಗೆ ಪೂರ್ತಿ ವಿರುದ್ಧ. ಕೊನೆಯಲ್ಲಿ ಎಡವುವವರು ಅಲಕ್ಷ್ಯ ಮಾಡಿದವರಲ್ಲ, ಅತಿಯಾಗಿ ಲಕ್ಷ್ಯ ಕೊಟ್ಟವರು. ಅದನ್ನು ದೌರ್ಬಲ್ಯ ಎನ್ನುವುದಾದರೆ ಅದು ಹೆಚ್ಚು ಪ್ರೀತಿಸಿದವರ ದೌರ್ಬಲ್ಯ.

ಇಲ್ಲಿಗೆ ಬಂದ ಕೂಡಲೇ ನಮ್ಮಲ್ಲಿ ಯಾರಾದರೂ ಗೀತೆಯನ್ನು ತರುತ್ತಾರೆ. ಫಲದ ಆಸೆ ಬಿಟ್ಟು ಕರ್ಮ ಮಾಡು, ಮುಗಿಯಿತು. ಆಟಗಾರರಿಗೆ ಮನಸ್ಸಿನ ತರಬೇತಿ ಕೊಡುವವರೂ ಇಂಗ್ಲಿಷಿನಲ್ಲಿ ಇದನ್ನೇ ಮಾರುತ್ತಾರೆ. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಸುಲಭದ ಓದು ಒಪ್ಪಿಗೆಯಿಲ್ಲ. ಕುಳಿಯೊಳಗೆ ಬೀಳಲಿ ಎಂಬ ಆಸೆಯೇ ಇಲ್ಲದವರು ಗುರಿ ಹಿಡಿಯುವುದಾದರೂ ಹೇಗೆ? ಗ್ರೀಸಿನ ಸ್ಟೋಯಿಕ್ ಚಿಂತಕರಿಗೆ ಇದೇ ತೊಡಕು ಎದುರಾಗಿತ್ತು. ಅವರು ಕೊಟ್ಟ ಬಿಲ್ಲುಗಾರನ ಉದಾಹರಣೆಯನ್ನು ಸಿಸೆರೊ ದಾಖಲಿಸಿದ್ದಾನೆ. ಬಿಲ್ಲುಗಾರ ಗುರಿ ತಾಗಿಸಲು ತನ್ನ ಕೈಲಾದದ್ದನ್ನೆಲ್ಲ ಮಾಡುತ್ತಾನೆ; ಅವನ ನಿಜವಾದ ಉದ್ದೇಶ ಹಾಗೆ ಎಲ್ಲವನ್ನೂ ಮಾಡುವುದು. ಬಾಣ ಬಿಟ್ಟ ಮೇಲೆ ಗಾಳಿ ಬೀಸಿದರೆ ಅದು ಅವನ ಸೋಲಲ್ಲ. ಇದು ಆಸೆ ಬಿಡುವುದಲ್ಲ, ಆಸೆಯನ್ನು ಬಾಣ ಬಿಡುವ ಕ್ಷಣದ ಈಚೆಗೆ ನಿಲ್ಲಿಸುವುದು. ಮಾವನ ಮಾತು ಇದಕ್ಕೆ ಹತ್ತಿರ ಅನ್ನಿಸುತ್ತದೆ. ಹದಿನೈದರ ನಂತರ ಲೆಕ್ಕ ಹಾಕುವವರ ಆಸೆ ಚೆಂಡನ್ನು ದಾಟಿ ಕ್ಲಬ್ ಹೌಸಿಗೆ ಹೋಗಿ ಕೂತಿರುತ್ತದೆ.

ಈ ಪ್ರಶ್ನೆ ನನಗೆ ಬರೀ ಆಟದ್ದಲ್ಲ. ನಾನೀಗ ಪಿಎಚ್‌ಡಿಯ ಐದನೇ ವರ್ಷದಲ್ಲಿದ್ದೇನೆ. ಯುಜಿಸಿ ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ, ಕೊನೆಯ ಅಧ್ಯಾಯ ನಿಲ್ಲುವುದಿಲ್ಲ. ನನಗಿಂತ ಒಂದು ವರ್ಷ ಮುಂದಿದ್ದ ಗೆಳತಿಯೊಬ್ಬಳು ನಾಲ್ಕು ಅಧ್ಯಾಯ ಮುಗಿಸಿ, ಉಪಸಂಹಾರ ಮಾತ್ರ ಬಾಕಿಯಿರುವಾಗ ಎಲ್ಲ ಬಿಟ್ಟು ಊರಿಗೆ ಹೋದಳು. ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಇಷ್ಟು ಮಾಡಿದೋಳು ಇನ್ನಷ್ಟು ಮಾಡೋಕಾಗ್ಲಿಲ್ವಾ? ಮನಸ್ಸು ಗಟ್ಟಿ ಇಲ್ಲ ಅಷ್ಟೇ.' ಆ ನಾಲ್ಕು ಅಧ್ಯಾಯಗಳನ್ನು ಬರೆದದ್ದು ಯಾವ ಮನಸ್ಸು? ಉಪಸಂಹಾರದ ಪುಟಗಳು ಬೇರೆ ಪುಟಗಳಿಗಿಂತ ಕಷ್ಟವಲ್ಲ, ಬಹುಶಃ ಸುಲಭವೇ. ಆದರೆ ಅವನ್ನು ಬರೆದ ಮೇಲೆ ಪ್ರಬಂಧ ಪ್ರಬಂಧವಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಅದು ಇನ್ನೂ ಚೆನ್ನಾಗಿ ಆಗಬಹುದಾದದ್ದು, ಆಮೇಲೆ ಅದು ಇಷ್ಟೇ. ಆ 'ಇಷ್ಟೇ'ಯ ಎದುರು ನಿಲ್ಲುವುದು ಎಷ್ಟು ಭಾರವೆಂದು ನನಗೆ ಈಗ ಗೊತ್ತಾಗುತ್ತಿದೆ. ಹಾಗಂತ ಬಿಟ್ಟುಹೋದದ್ದೇ ಸರಿ ಎಂದು ನಾನು ಹೇಳಲಾರೆ. ಅವಳ ಮೂರನೇ ಅಧ್ಯಾಯ ಓದಿದವಳು ನಾನು, ಅದು ಪುಸ್ತಕವಾಗಬೇಕಿತ್ತು. ನನ್ನ ತಕರಾರು ಆ ಕಾರಿಡಾರಿನ ತೀರ್ಪಿನ ಮೇಲೆ ಮಾತ್ರ.

ತೀರ್ಪು ಎಷ್ಟು ಬೇಗ ಬದಲಾಗುತ್ತದೆ ಎನ್ನುವುದಕ್ಕೆ ರೋರಿ ಮೆಕ್‌ಇಲ್ರಾಯ್ ಸಾಕು. 2011ರ ಮಾಸ್ಟರ್ಸ್‌ನಲ್ಲಿ ನಾಲ್ಕು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ದಿನ ಇಳಿದವರು 80 ಹೊಡೆದು ಮುಳುಗಿದರು. 2024ರ ಯುಎಸ್ ಓಪನ್‌ನ ಕೊನೆಯ ಮೂರು ಹೋಲ್‌ಗಳಲ್ಲಿ ನಾಲ್ಕಡಿಗಿಂತ ಕಡಿಮೆ ದೂರದ ಎರಡು ಪಟ್ ತಪ್ಪಿಸಿ ಒಂದು ಹೊಡೆತದಿಂದ ಸೋತರು. ದುರ್ಬಲ ಮನಸ್ಸು ಎಂಬ ಹಣೆಪಟ್ಟಿ ಗಟ್ಟಿಯಾಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಮಾಸ್ಟರ್ಸ್. ಹದಿನೆಂಟನೆಯದರಲ್ಲಿ ಸುಮಾರು ಐದಡಿಯ ಪಟ್ ಹಾಕಿದ್ದರೆ ಗೆಲುವು, ತಪ್ಪಿತು. ಜಸ್ಟಿನ್ ರೋಸ್ ಜೊತೆ ಪ್ಲೇಆಫ್‌ಗೆ ಅದೇ ಹೋಲ್‌ಗೆ ವಾಪಸ್ ಹೋದರು, ಈ ಸಲ ಹತ್ತಿರದ ಪಟ್ ಒಳಗೆ ಬಿತ್ತು, ಮೊಣಕಾಲೂರಿ ಅತ್ತರು. ಒಂದು ಗಂಟೆಯೂ ಆಗಿರಲಿಲ್ಲ, ಅದೇ ಮನುಷ್ಯ, ಅದೇ ಹುಲ್ಲು, ಅದೇ ಕೈ. ಮೊದಲ ಪಟ್ ಹೊತ್ತಿನಲ್ಲಿ ಇಲ್ಲದ ಗುಣ ಎರಡನೆಯದರ ಹೊತ್ತಿಗೆ ಎಲ್ಲಿಂದ ಬಂತು? ನನ್ನನ್ನು ಕೇಳಿದರೆ, ಹದಿನಾಲ್ಕು ವರ್ಷ ಸೋತ ಮೇಲೂ ಮತ್ತೆ ಮತ್ತೆ ಅದೇ ಅಂಗಳಕ್ಕೆ ಹೋದದ್ದರಲ್ಲಿ ಅವರ ಮನೋಬಲ ಕಾಣುತ್ತದೆ. ಆ ಪಟ್ ಬೀಳದಿದ್ದರೂ ಅದು ಅಷ್ಟೇ ಇರುತ್ತಿತ್ತು.

ಈ ವಿಷಯದಲ್ಲಿ ಎಲ್ಲರೂ ಹೇಳುವ ಕತೆ ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಅವರದು. 1999ರ ಓಪನ್, ಸ್ಕಾಟ್‌ಲೆಂಡಿನ ಕಾರ್ನೂಸ್ಟಿ. ಕೊನೆಯ ಹೋಲ್‌ಗೆ ಬಂದಾಗ ಮೂರು ಹೊಡೆತಗಳ ಮುನ್ನಡೆ. ಪಾರ್ ನಾಲ್ಕರ ಆ ಹೋಲ್‌ನ್ನು ಆರರಲ್ಲಿ ಮುಗಿಸಿದರೂ ಕಪ್ಪು ಅವರದೇ. ಸಣ್ಣ ಸಣ್ಣ ಹೊಡೆತಗಳಲ್ಲಿ ನೀರಸವಾಗಿ ಮುಗಿಸಬಹುದಿತ್ತು. ಅವರು ಅತಿ ದೂರಕ್ಕೆ ಹೊಡೆಯುವ ಡ್ರೈವರನ್ನೇ ಎತ್ತಿಕೊಂಡರು, ಚೆಂಡು ಬಲಕ್ಕೆ ಹೋಯಿತು. ಎರಡನೆಯದು ಪ್ರೇಕ್ಷಕರ ಗ್ಯಾಲರಿಗೆ ಬಡಿದು, ಹಳ್ಳದ ಕಲ್ಲಿನ ಗೋಡೆಗೂ ತಾಗಿ ಹಿಂದಕ್ಕೆ ಪುಟಿದು ಎತ್ತರದ ಹುಲ್ಲಿನಲ್ಲಿ ಹೂತುಕೊಂಡಿತು. ಮೂರನೆಯದು ಬ್ಯಾರಿ ಬರ್ನ್ ಎಂಬ ಆ ಹಳ್ಳಕ್ಕೇ ಬಿತ್ತು. ಶೂ, ಸಾಕ್ಸ್ ಬಿಚ್ಚಿ, ಪ್ಯಾಂಟು ಮಡಚಿ ನೀರಿಗಿಳಿದು ಅಲ್ಲಿಂದಲೇ ಹೊಡೆಯಲಾದೀತೇ ಎಂದು ನೋಡುತ್ತ ನಿಂತ ಅವರ ಫೋಟೊ ಜಗತ್ತಿಗೆಲ್ಲ ಗೊತ್ತು. ಮನಸ್ಸು ಕುಸಿದದ್ದರ ಚಿತ್ರವೆಂದೇ ಅದನ್ನು ತೋರಿಸುತ್ತಾರೆ. ನನಗೆ ಅಲ್ಲಿ ಕುಸಿತಕ್ಕಿಂತ ಧೈರ್ಯ ಹೆಚ್ಚಾದದ್ದು ಕಾಣುತ್ತದೆ. ಗೆಲುವು ಚೆಂದವಾಗಿಯೂ ಇರಲಿ ಎಂದು ಬಯಸಿದವರು ಅವರು. ಕೊನೆಯಲ್ಲಿ ಬೇಕಾಗುವ ಬಲ ಕೆಲವೊಮ್ಮೆ ಪೆದ್ದಾಗಿ, ಸಣ್ಣದಾಗಿ ಆಡಲು ಒಪ್ಪಿಕೊಳ್ಳುವ ಬಲ. ಅದನ್ನು ಯಾರೂ ಹೊಗಳುವುದಿಲ್ಲ, ಫೋಟೊವನ್ನೂ ತೆಗೆಯುವುದಿಲ್ಲ.

ಫೋಟೊ ನೋಡಿದವರು ಅದರ ನಂತರದ್ದನ್ನು ಮರೆಯುತ್ತಾರೆ. ಅವರು ನೀರಿನಿಂದ ಮೇಲೆ ಬಂದರು, ದಂಡದ ಹೊಡೆತ ಒಪ್ಪಿಕೊಂಡು ಚೆಂಡನ್ನು ಹೊರಗೆ ಬೀಳಿಸಿಕೊಂಡರು, ಐದನೆಯದನ್ನು ಮರಳಿನ ಬಂಕರಿಗೆ ಹೊಡೆದರು, ಆರನೆಯದರಲ್ಲಿ ಅಲ್ಲಿಂದ ಎತ್ತಿ ಹಸಿರಿನ ಮೇಲೆ ಇಟ್ಟರು. ಕುಳಿಗೆ ಇನ್ನೂ ಆರೇಳು ಅಡಿ. ಇದು ತಪ್ಪಿದರೆ ಪ್ಲೇಆಫ್ ಕೂಡ ಇಲ್ಲ. ಇಡೀ ಜಗತ್ತು ನೋಡುತ್ತಿರುವಾಗ, ಕಪ್ಪು ಕೈಯಿಂದ ಜಾರಿದ್ದು ತನಗೂ ಗೊತ್ತಿರುವಾಗ, ಒದ್ದೆ ಕಾಲಿಗೆ ಮತ್ತೆ ಶೂ ಏರಿಸಿಕೊಂಡು ಬಂದ ಮನುಷ್ಯ ಆ ಪಟ್ ಎದುರು ಬಾಗಿ ನಿಂತರು. ಆಮೇಲೆ ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು, ಅದು ಬೇರೆ ಮಾತು. ಈ ಪಟ್ ಮಾತ್ರ ಒಳಗೆ ಬಿತ್ತು.