ಹೊಸ್ತಿಲು ಮತ್ತು ಕಪಾಟು: ಓದುವ ಅಧಿಕಾರದ ಪ್ರಶ್ನೆ

ಭಾರತೀಯ ಶಾಸ್ತ್ರಗ್ರಂಥಗಳು ವಿಷಯಕ್ಕೆ ಕೈಹಾಕುವ ಮೊದಲು ನಾಲ್ಕು ಸಂಗತಿಗಳನ್ನು ನಿರ್ಣಯಿಸಿಕೊಳ್ಳುತ್ತವೆ: ಹೇಳಬೇಕಾದ ವಿಷಯ ಯಾವುದು, ಅದರ ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ಯಾವ ಬಗೆಯದು, ಮತ್ತು ಅದನ್ನು ಓದಲು ಅಧಿಕಾರಿ ಯಾರು. ಅನುಬಂಧ ಚತುಷ್ಟಯವೆಂದು ಹೆಸರಾದ ಈ ನಾಲ್ಕರಲ್ಲಿ ಬರುವ ಅಧಿಕಾರಿ ಎಂಬ ಮಾತು ಇಂದಿನ ಕನ್ನಡದಲ್ಲಿ ಕಚೇರಿಯನ್ನು ನೆನಪಿಗೆ ತಂದರೂ, ಶಾಸ್ತ್ರದ ಪರಿಭಾಷೆಯಲ್ಲಿ ಅದಕ್ಕೆ ಅರ್ಹತೆಯುಳ್ಳವನು ಎಂದೇ ಅರ್ಥ. ಸಾರ್ವಜನಿಕ ಗ್ರಂಥಾಲಯದ ಬಾಗಿಲಲ್ಲಿ ಈ ನಾಲ್ಕನೆಯ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಅದನ್ನು ಎತ್ತದಿರುವುದು ಬರಿಯ ಆಡಳಿತದ ಅನುಕೂಲವೇ, ಅಥವಾ ಅದರ ಹಿಂದೆ ಒಂದು ತಾತ್ತ್ವಿಕ ನಿಲುವಿದೆಯೇ ಎಂಬುದನ್ನು ನಾಗಪುರದ ನೆರೆಯಲ್ಲಿರುವ ಕಾಮಠಿ ಎಂಬ ದಂಡಿನ ಊರಿನ ನಿದರ್ಶನದಿಂದ ಪರಿಶೀಲಿಸಬಹುದು.

ಕನ್ಹಾನ್ ನದಿಯ ದಡದ ಈ ಊರಿನಲ್ಲಿ 1904ರಲ್ಲಿ ಹುಟ್ಟಿ, 1939ರಲ್ಲಿ ಮೂವತ್ತೈದನೆಯ ವಯಸ್ಸಿಗೇ ತೀರಿಕೊಂಡ ಬಾಬೂ ಹರದಾಸರು, 'ಜೈ ಭೀಮ್' ಎಂಬ ವಂದನೆಯನ್ನು ರೂಢಿಗೆ ತಂದವರೆಂದು ಪ್ರಸಿದ್ಧರು. ಬೀಡಿ ಕಾರ್ಮಿಕರನ್ನು ಸಂಘಟಿಸಿದ ಇವರು 1937ರಲ್ಲಿ ಮಧ್ಯಪ್ರಾಂತದ ಶಾಸನಸಭೆಗೂ ಆಯ್ಕೆಯಾದರು. ಮಹಾರ್ ಸಮುದಾಯದ ನೆರವಿನಿಂದ 1927ರಲ್ಲಿ ಇವರು ಕಾಮಠಿಯಲ್ಲಿ ದುಡಿಯುವವರಿಗಾಗಿ ರಾತ್ರಿಶಾಲೆಗಳನ್ನು ತೆರೆದರು. ಅಲ್ಲಿ ಒಂದು ಕಾಲಕ್ಕೆ 86 ಹುಡುಗರೂ 22 ಹುಡುಗಿಯರೂ ಕಲಿಯುತ್ತಿದ್ದರು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಅವರು ಒಂದು ಗ್ರಂಥಾಲಯವನ್ನೂ ಸ್ಥಾಪಿಸಿ, ಅದಕ್ಕೆ ಸಂತ ಚೋಖಾಮೇಳನ ಹೆಸರಿಟ್ಟರು. ಹದಿನಾಲ್ಕನೆಯ ಶತಮಾನದ ಈ ವಾರಕರಿ ಸಂತನು ಪಂಢರಪುರದ ವಿಠ್ಠಲನ ಪರಮಭಕ್ತನಾಗಿದ್ದರೂ ಮಹಾರ್ ಕುಲದವನೆಂಬ ಕಾರಣಕ್ಕೆ ಗುಡಿಯ ಹೊರಗೇ ಉಳಿದವನು; ಅವನ ಸಮಾಧಿಯಿರುವುದೂ ಮಹಾದ್ವಾರದ ಮೆಟ್ಟಿಲ ಬಳಿಯಲ್ಲೇ.

ರಾತ್ರಿಶಾಲೆ ಮತ್ತು ಗ್ರಂಥಾಲಯ ಜೊತೆಜೊತೆಗೇ ಹುಟ್ಟಿದ್ದು ತಾತ್ತ್ವಿಕವಾಗಿ ಗಮನಾರ್ಹವಾದ ಸಂಗತಿ. ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಬರುವ ಅಪಶೂದ್ರಾಧಿಕರಣ, ಅಂದರೆ ಶೂದ್ರನಿಗೆ ವೇದವಿದ್ಯೆಯಲ್ಲಿ ಅಧಿಕಾರವಿಲ್ಲವೆಂದು ಸಾಧಿಸುವ ಪ್ರಕರಣವು, ಉಪನಯನವಿಲ್ಲದವನಿಗೆ ಅಧ್ಯಯನವಿಲ್ಲ, ಅಧ್ಯಯನವಿಲ್ಲದವನಿಗೆ ಆ ವಿದ್ಯೆಯಲ್ಲಿ ಅರ್ಹತೆಯಿಲ್ಲ ಎಂಬ ಸರಣಿಯಲ್ಲಿ ಸಾಗುತ್ತದೆ. ಇದಕ್ಕೆ ಭಾಷ್ಯ ಬರೆದ ಶಂಕರರು ವಿದುರನಂಥವರಿಗೆ ಜ್ಞಾನ ಲಭಿಸಿದ್ದನ್ನು ಒಪ್ಪಿ, ಇತಿಹಾಸ ಪುರಾಣಗಳ ದಾರಿಯನ್ನು ನಾಲ್ಕು ವರ್ಣಗಳಿಗೂ ತೆರೆದಿಡುತ್ತಾರಾದರೂ ವೇದದ ಬಾಗಿಲನ್ನು ಮುಚ್ಚಿಯೇ ಇಡುತ್ತಾರೆ. ಈ ವಾದದ ಬಲವಿರುವುದು ಅದರ ವರ್ತುಲದಲ್ಲಿ: ಕಲಿಯಗೊಡದಿದ್ದರಿಂದ ಉಂಟಾದ ಕೊರತೆಯನ್ನೇ ಅದು ಕಲಿಯಗೊಡದಿರುವುದಕ್ಕೆ ಕಾರಣವಾಗಿ ಮುಂದೊಡ್ಡುತ್ತದೆ. ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಈ ವರ್ತುಲ ಮುರಿಯುವುದಿಲ್ಲ, ಏಕೆಂದರೆ ಅಕ್ಷರ ಬಾರದವನ ಪಾಲಿಗೆ ತೆರೆದ ಗ್ರಂಥಾಲಯವೂ ಮುಚ್ಚಿದ್ದಕ್ಕೆ ಸಮ. ಹಗಲೆಲ್ಲ ಬೀಡಿ ಕಟ್ಟಿದ ಕೈಗೆ ರಾತ್ರಿ ಅಕ್ಷರವನ್ನೂ ಆಮೇಲೆ ಪುಸ್ತಕವನ್ನೂ ಕೊಡುವ ಏರ್ಪಾಡು, ಅರ್ಹತೆಯೆಂಬುದು ಹುಟ್ಟಿನಿಂದ ಬಂದಿರಬೇಕಾದದ್ದಲ್ಲ, ಊರು ಸೇರಿ ಬೆಳೆಸಬೇಕಾದದ್ದು ಎಂಬ ಪ್ರತಿವಾದವನ್ನು ಕೃತಿಯಲ್ಲಿ ಮಂಡಿಸಿತು. ಅಂಬೇಡ್ಕರರು 1924ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಬಹಿಷ್ಕೃತ ಹಿತಕಾರಿಣೀ ಸಭೆಯ ಧ್ಯೇಯಗಳಲ್ಲಿಯೂ ವಿದ್ಯಾರ್ಥಿನಿಲಯಗಳ ಜೊತೆಗೆ ಗ್ರಂಥಾಲಯಗಳ ಸ್ಥಾಪನೆ ಸೇರಿತ್ತು.

ಗ್ರಂಥವನ್ನು ಹಂಚುವುದು ಪುಣ್ಯವೆಂಬ ಭಾವನೆ ಈ ನಾಡಿಗೆ ಹೊಸದಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುವ ಜೈನ ಪರಂಪರೆಯಲ್ಲಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿ ಸಾವಿರ ವರ್ಷ ಕಳೆದರೂ ಮಾಸಿಲ್ಲ. ಆದರೆ ದಾನದ ಮೀಮಾಂಸೆಯಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಪಡೆಯುವವನು ಪಾತ್ರನೋ ಅಪಾತ್ರನೋ ಎಂದು ತೂಗುವ ಹಕ್ಕೂ ಕೊಡುವವನದೇ. ಕರ್ನಾಟಕದ 1965ರ ಗ್ರಂಥಾಲಯ ಕಾಯಿದೆಯಂತೆ ಊರಿನ ಆಸ್ತಿತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲಾಗುವುದರಿಂದ, ಅಲ್ಲಿ ಕೊಡುವವನೂ ಪಡೆಯುವವನೂ ಒಬ್ಬನೇ ಆಗಿ ದಾನವು ಹಕ್ಕಾಗಿ ಮಾರ್ಪಡುತ್ತದೆ. ಮಹಾರಾಷ್ಟ್ರದ 1967ರ ಕಾಯಿದೆಯಾದರೋ ಜನರೇ ಕಟ್ಟಿಕೊಂಡ ವಾಚನಾಲಯಗಳಿಗೆ ಮಾನ್ಯತೆಯನ್ನೂ ಅನುದಾನವನ್ನೂ ಕೊಡುವ ಕ್ರಮವನ್ನು ಅನುಸರಿಸಿತು. ಕಾಮಠಿಯ ಪ್ರಯತ್ನವು ಈ ಎರಡೂ ಕಾಯಿದೆಗಳಿಗಿಂತ ಹಳೆಯದು. ಅದರ ಹಿಂದೆ ಅರಸನ ಔದಾರ್ಯವೂ ಇರಲಿಲ್ಲ, ಶಾಸನದ ಬಲವೂ ಇರಲಿಲ್ಲ. ಶರಣರು ದಾನದಿಂದ ಬೇರ್ಪಡಿಸಿ ಹೇಳಿದ ದಾಸೋಹಕ್ಕೆ, ಅಂದರೆ ಕೊಡುವವನ ಅಹಂಕಾರ ಕರಗಿ ದುಡಿಮೆಯ ಫಲ ಎಲ್ಲರದಾಗುವ ಸ್ಥಿತಿಗೆ, ಅದು ಹೆಚ್ಚು ಹತ್ತಿರ.

ಇದಕ್ಕೆ ಪರಂಪರೆಯ ಕಡೆಯಿಂದ ಒಂದು ಗಂಭೀರವಾದ ಆಕ್ಷೇಪವಿದೆ: ಅರ್ಹತೆಯನ್ನು ನೋಡದೆ ಹಂಚಿದ ವಿದ್ಯೆ ಹಾನಿಗೂ ಕಾರಣವಾಗಬಲ್ಲದು. ಬೌದ್ಧ ಚಿಂತನೆ ಈ ಆತಂಕವನ್ನು ತಳ್ಳಿಹಾಕದೆ ಬೇರೆ ಬಗೆಯಲ್ಲಿ ಎದುರಿಸುತ್ತದೆ. ಶಿಷ್ಯರಿಂದ ಕೆಲವನ್ನು ಗುಟ್ಟಾಗಿ ಬಿಗಿಹಿಡಿಯುವ ಗುರುವಿನ ಮುಚ್ಚಿದ ಮುಷ್ಟಿ, ಅಂದರೆ ಆಚಾರ್ಯಮುಷ್ಟಿ, ತನ್ನಲ್ಲಿಲ್ಲವೆಂದು ಬುದ್ಧನು ಮಹಾಪರಿನಿಬ್ಬಾಣ ಸುತ್ತದಲ್ಲಿ ಹೇಳುತ್ತಾನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ಅಂಬೇಡ್ಕರರು, ಪ್ರಜ್ಞೆಯೊಂದೇ ಸಾಲದು, ಅದರೊಡನೆ ಶೀಲವೂ ಕರುಣೆಯೂ ಇರಬೇಕೆಂದು ಒತ್ತಿಹೇಳಿದರು. ಹೀಗೆ ಶೀಲದ ಬೇಡಿಕೆ ಉಳಿಯಿತು, ಆದರೆ ಅದರ ಜಾಗ ಬದಲಾಯಿತು: ಪುಸ್ತಕ ಮುಟ್ಟುವ ಮೊದಲು ಹಾಕುತ್ತಿದ್ದ ನಿಬಂಧನೆ, ಓದಿದ ಮೇಲೆ ಓದುಗನು ತನ್ನ ಮೇಲೆ ತಾನೇ ಹೊರಬೇಕಾದ ಹೊಣೆಯಾಯಿತು. ಪ್ರತಿವರ್ಷ ಧಮ್ಮಚಕ್ರ ಪ್ರವರ್ತನ ದಿನದಂದು ದೀಕ್ಷಾಭೂಮಿಗೆ ಬರುವ ಯಾತ್ರಿಕರು ಸ್ತೂಪಕ್ಕೆ ನಮಿಸಿ ಪುಸ್ತಕದ ಮಳಿಗೆಗಳ ಮುಂದೆ ನೆರೆಯುವುದರಲ್ಲಿ, ತೀರ್ಥಪ್ರಸಾದದ ಜಾಗಕ್ಕೆ ಓದು ಬಂದು ನಿಂತದ್ದು ಕಾಣುತ್ತದೆ. ನಾಗಪುರದ ಅಭ್ಯಾಸಿಕೆಗಳಲ್ಲಿ, ಅಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತು ಓದುವವರ ವಾಚನಕೊಠಡಿಗಳಲ್ಲಿ, ನಡೆಯುವುದು ಉದ್ಯೋಗಕ್ಕಾಗಿ ಮಾಡುವ ಓದೇ ಆದರೂ, ಅದನ್ನು ಕೀಳೆಂದು ಬದಿಗಿಡಲು ಬಾರದು. ಮುಂಡಕೋಪನಿಷತ್ತು ಪರಾವಿದ್ಯೆಯ ಜೊತೆಗೆ ಅಪರಾವಿದ್ಯೆಯನ್ನೂ ತಿಳಿಯತಕ್ಕದ್ದೆಂದೇ ಎಣಿಸುತ್ತದೆ.

ಎರವಲು ಕೊಡುವ ಪುಸ್ತಕವನ್ನು ವಸ್ತುವಾಗಿ ನೋಡಿದರೂ ಇದೇ ವಿಚಾರ ಸ್ಪಷ್ಟವಾಗುತ್ತದೆ. ಒಳರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಹಿಂದಿರುಗಿಸಬೇಕಾದ ತಾರೀಖುಗಳು ಒಂದರ ಕೆಳಗೊಂದು ಮುದ್ರೆಯಾಗಿರುತ್ತವೆ, ಓದಿದವರ ಕುಲಗೋತ್ರಗಳು ಅಲ್ಲಿರುವುದಿಲ್ಲ. ಹಾಳೆಯ ಮೂಲೆ ಮಡಿಸಿದ್ದು, ಬೆರಳಿನ ಎಣ್ಣೆಗೆ ಅಂಚು ಮಾಸಿದ್ದು ಕಾಣುತ್ತದೆ, ಆ ಬೆರಳು ಯಾರದೆಂದು ತಿಳಿಯುವುದಿಲ್ಲ. ಮುಟ್ಟಿದರೆ ಮೈಲಿಗೆಯೆಂದು ನಂಬಿದ ಸಮಾಜದಲ್ಲಿ, ಹಲವರು ಮುಟ್ಟದೆ ತನ್ನ ಕೆಲಸವನ್ನು ಮಾಡಲಾರದ ಇಂಥ ವಸ್ತು ಸಾಮಾನ್ಯವಾದದ್ದಲ್ಲ. ಮಹಾಡದ ಚವದಾರ್ ಕೆರೆಯ ನೀರಿಗೆ ಕೈಹಾಕುವ ಹಕ್ಕಿಗಾಗಿ ಸತ್ಯಾಗ್ರಹ ನಡೆದದ್ದೂ 1927ರಲ್ಲೇ. ಸಾನೆ ಗುರೂಜಿಯವರ ಉಪವಾಸದ ತರುವಾಯ ಪಂಢರಪುರದ ಗುಡಿ ಎಲ್ಲರಿಗೂ ತೆರೆದದ್ದು 1947ರಲ್ಲಿ. ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ, ಗುಡಿಯ ಹೊಸ್ತಿಲು ದಾಟಲಾರದವನ ಹೆಸರಿನಲ್ಲಿ, ಯಾವ ಕೈ ಬೇಕಾದರೂ ಮುಟ್ಟಬಹುದಾದ ಪುಸ್ತಕಗಳನ್ನು ಕಾಮಠಿಯು ಕಪಾಟಿನಲ್ಲಿ ಜೋಡಿಸಿಟ್ಟಿತ್ತು.