ಕಾವು ಯಾರದು?

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಯಾರನ್ನಾದರೂ ತಡೆದು ನಿಲ್ಲಿಸಿ, ‘ದುಡ್ಡು ಕೊಟ್ಟು ನಲವತ್ತು ಡಿಗ್ರಿ ಸೆಕೆಯಲ್ಲಿ ಒಂದೂವರೆ ಗಂಟೆ ಮೈ ಬಗ್ಗಿಸುತ್ತೀರಾ?’ ಎಂದು ಕೇಳಿದರೆ ಸಿಗುವ ಉತ್ತರವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಲಾಸ್ ಏಂಜಲೀಸ್, ಲಂಡನ್, ಟೋಕಿಯೋ ನಗರಗಳ ಜನ ಮಾತ್ರ ದಶಕಗಳಿಂದ ಅದನ್ನೇ ಮಾಡುತ್ತಿದ್ದಾರೆ. ಬೆಂಗಳೂರಿನಲ್ಲೂ ಈಗ ಅಂಥ ಬಿಸಿ ಯೋಗದ ಕೋಣೆಗಳಿವೆ. ಕುತೂಹಲಕ್ಕೆಂದು ಒಮ್ಮೆ ಹೋದವರು ತಲೆಸುತ್ತು ಬಂದು ಕೂತುಬಿಡುತ್ತಾರೆ, ಇನ್ನು ಈ ಕಡೆ ತಲೆಹಾಕುವುದಿಲ್ಲ ಎಂದುಕೊಳ್ಳುತ್ತಾರೆ, ಮರುವಾರ ಮತ್ತೆ ಹೋಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅವರ ಊಟ, ನಿದ್ದೆ, ಮಾತು ಎಲ್ಲವೂ ಆ ಕೋಣೆಯ ವೇಳಾಪಟ್ಟಿಗೆ ಹೊಂದಿಕೊಂಡಿರುತ್ತವೆ. ಈ ಒಲವು ಎಲ್ಲಿಂದ ಹುಟ್ಟುತ್ತದೆ, ಹುಟ್ಟಿದ ಮೇಲೆ ಅದು ನಮ್ಮದಾಗಿ ಉಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಕೋಣೆಯ ಲೆಕ್ಕ ಕರಾರುವಾಕ್ಕಾದದ್ದು. ಉಷ್ಣತೆ 105 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 40.6 ಸೆಲ್ಸಿಯಸ್. ತೇವಾಂಶ ಶೇಕಡಾ 40. ಅವಧಿ 90 ನಿಮಿಷ. 26 ಆಸನ, ಮೊದಲಿಗೊಂದು ಕೊನೆಗೊಂದು ಉಸಿರಾಟದ ಅಭ್ಯಾಸ. ಎದುರಿಗೆ ಗೋಡೆ ತುಂಬ ಕನ್ನಡಿ. ಶಿಕ್ಷಕರು ಆಸನ ಮಾಡಿ ತೋರಿಸುವುದಿಲ್ಲ. ಎತ್ತರದ ಮೇಲೆ ನಿಂತು, ಬಾಯಿಪಾಠ ಮಾಡಿದ ಸೂಚನೆಗಳನ್ನು ಎಡೆಬಿಡದೆ ಹೇಳುತ್ತಾರೆ. ನಿನ್ನೆ ಅರ್ಧಚಂದ್ರಾಸನದ ನಂತರ ಉತ್ಕಟಾಸನ ಬಂದಿದ್ದರೆ ಇವತ್ತೂ ಅದೇ, ಹತ್ತು ವರ್ಷ ಬಿಟ್ಟು ಹೋದರೂ ಅದೇ.

ಇದನ್ನು ಹೀಗೆ ಕಟ್ಟಿದವನು ಕಲ್ಕತ್ತೆಯ ಬಿಕ್ರಮ್ ಚೌಧುರಿ. ಅವನ ಗುರು ಬಿಷ್ಣು ಚರಣ್ ಘೋಷ್, ‘ಯೋಗಿಯ ಆತ್ಮಕಥೆ’ ಬರೆದ ಪರಮಹಂಸ ಯೋಗಾನಂದರ ತಮ್ಮ. ಘೋಷರು ಅಂಗಸಾಧನೆಯ ಮನುಷ್ಯ. 1923ರಲ್ಲಿ ಕಲ್ಕತ್ತೆಯಲ್ಲಿ ವ್ಯಾಯಾಮ ಶಾಲೆ ತೆರೆದು ಆಸನವನ್ನೂ ಭಾರ ಎತ್ತುವುದನ್ನೂ ಒಂದೇ ಅಂಗಳದಲ್ಲಿ ಕಲಿಸಿದವರು. ಆಸನಗಳು ಅವರ ಪರಂಪರೆಯಿಂದ ಬಂದವು. ಹೀಟರ್ ಶಿಷ್ಯನ ಸೇರ್ಪಡೆ. 1970ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಹೋಗಿ ಬೆವರ್ಲಿ ಹಿಲ್ಸ್‌ನಲ್ಲಿ ನೆಲೆನಿಂತ ಬಿಕ್ರಮ್, ತನ್ನ ತರಗತಿಯನ್ನು ಚಿತ್ರಹಿಂಸೆಯ ಕೋಣೆ ಎಂದು ತಾನೇ ಕರೆಯುತ್ತಿದ್ದ. ಜನ ನಗುತ್ತ ಒಳಗೆ ಹೋಗುತ್ತಿದ್ದರು.

ಇದು ಯೋಗವೇ ಅಲ್ಲ ಎಂದು ತಳ್ಳಿಹಾಕುವುದು ಸುಲಭ. ನಮ್ಮಲ್ಲಿ ಅನೇಕರು ಹಾಗೆ ತಳ್ಳಿಹಾಕಿದ್ದಾರೆ. ನಾನು ಆ ಸಾಲಿನಲ್ಲಿ ನಿಲ್ಲಲಾರೆ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ಯಲ್ಲಿ ಬೆವರಿಗೆ ಜಾಗವಿದೆ. ಪ್ರಾಣಾಯಾಮದ ಮೊದಲ ಹಂತದಲ್ಲಿ ಬೆವರು, ನಡುವೆ ನಡುಕ, ಕೊನೆಗೆ ಸ್ಥಿರತೆ ಎಂಬ ಕ್ರಮವನ್ನು ಅದು ಹೇಳುತ್ತದೆ. ಶ್ರಮದಿಂದ ಬಂದ ಬೆವರನ್ನು ಒರೆಸಿ ಎಸೆಯದೆ ಮೈಗೇ ತಿಕ್ಕಿಕೊಳ್ಳಿ ಎನ್ನುತ್ತದೆ. ಇತ್ತ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಕಲಿಸಿದ್ದನ್ನು ಮುಂದುವರಿಸಿದ ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲೂ ಬೆವರು ಧಾರಾಳ. ಅಲ್ಲಿ ಅದು ಬರುವುದು ಉಸಿರು ಮತ್ತು ಚಲನೆಯಿಂದ, ಇಲ್ಲಿ ಬಹುಪಾಲು ಗೋಡೆಯ ಯಂತ್ರದಿಂದ. ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಯಂತ್ರ ಬಳಸಿದ ಮಾತ್ರಕ್ಕೆ ಸಾಧನೆ ಕೆಡುತ್ತದೆ ಎನ್ನುವುದಾದರೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡುವವರನ್ನೆಲ್ಲ ಏನೆನ್ನಬೇಕು?

ಸಂಗೀತದ ಮಾತು ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಸರಳೆ ವರಸೆಯನ್ನು ಪ್ರೀತಿಸಿ ಯಾರೂ ಸಂಗೀತ ಕಲಿಯಲು ಕೂರುವುದಿಲ್ಲ. ಬೇಸರಪಟ್ಟುಕೊಂಡೇ ಅದನ್ನು ಹಾಡುತ್ತಾರೆ. ಎಷ್ಟೋ ಬೆಳಗುಗಳ ನಂತರ ಒಂದು ದಿನ ನಿನ್ನೆಗಿಂತ ಇವತ್ತು ಗಾಂಧಾರ ಕೊಂಚ ಸರಿಯಾಗಿ ನಿಂತಿತು ಎಂದು ಕಿವಿಗೆ ಗೊತ್ತಾಗುತ್ತದೆ. ಬದಲಾಗದ ಪಾಠ ಇಲ್ಲದಿದ್ದರೆ ಬದಲಾದವರು ನಾವು ಎಂಬುದು ತಿಳಿಯುತ್ತಲೇ ಇರಲಿಲ್ಲ. ಬಿಸಿ ಕೋಣೆಯ 26 ಆಸನಗಳು ಮಾಡುವುದೂ ಇದನ್ನೇ. ಗರುಡಾಸನದಲ್ಲಿ ಕಾಲು ಸುತ್ತಿಕೊಳ್ಳದವನಿಗೆ ಆರು ತಿಂಗಳ ಮೇಲೆ ಸುತ್ತಿಕೊಂಡರೆ, ಆ ತರಗತಿಯಲ್ಲಿ ಬದಲಾದದ್ದು ಅವನ ಸೊಂಟ, ಮೊಣಕಾಲು, ತಾಳ್ಮೆ ಮಾತ್ರ. ಒಲವಿನ ನಿಜವಾದ ತಾಯಿಬೇರು ಇರುವುದು ಈ ಪುನರಾವರ್ತನೆಯಲ್ಲಿ. ಒಲವು ಇದ್ದದ್ದಕ್ಕೆ ಅಭ್ಯಾಸ ಸಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಬಹುಮಟ್ಟಿಗೆ ಅದು ತಿರುಗುಮುರುಗು.

ಹಾಗಿದ್ದರೆ ಕಾವಿನ ಪಾಲೆಷ್ಟು? ಇದೆ, ಇಲ್ಲವೆನ್ನುವುದಿಲ್ಲ. ಸೆಕೆಯಲ್ಲಿ ಸ್ನಾಯು ಬೇಗ ಸಡಿಲವಾಗುತ್ತದೆ. ಮೇಲುಸಿರು ಬರುತ್ತಿರುವಾಗ ಆಫೀಸಿನ ಜಗಳ, ಮನೆಸಾಲದ ಕಂತು ನೆನಪಿಗೆ ಬರುವುದಿಲ್ಲ. ಯೋಚನೆ ನಿಲ್ಲಿಸಲು ವರ್ಷಗಟ್ಟಲೆ ಹೆಣಗಿದವರಿಗೆ ಇದು ದೊಡ್ಡ ಬಿಡುಗಡೆ. 2023ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಎಂಟು ವಾರಗಳ ಬಿಸಿ ಯೋಗದಿಂದ ಖಿನ್ನತೆ ಗಮನಾರ್ಹವಾಗಿ ತಗ್ಗಿತ್ತು. ಆದರೆ ಅಲ್ಲಿ ಹೋಲಿಕೆಗೆ ಇದ್ದದ್ದು ಸರದಿಗಾಗಿ ಕಾಯುತ್ತಿದ್ದವರ ಗುಂಪು, ತಂಪು ಕೋಣೆಯಲ್ಲಿ ಯೋಗ ಮಾಡಿದವರದ್ದಲ್ಲ. ಅಂಥ ಹೋಲಿಕೆ ಮಾಡಿದ್ದು 2018ರಲ್ಲಿ ಪ್ರಕಟವಾದ ಟೆಕ್ಸಾಸ್‌ನ ಒಂದು ಅಧ್ಯಯನ. ಹನ್ನೆರಡು ವಾರ ಒಂದು ಗುಂಪು ಬಿಸಿಯಲ್ಲಿ, ಇನ್ನೊಂದು ಮಾಮೂಲಿ ಉಷ್ಣತೆಯಲ್ಲಿ ಇದೇ ಆಸನಗಳನ್ನು ಮಾಡಿತು. ರಕ್ತನಾಳಗಳು ಹಿಗ್ಗುವ ಶಕ್ತಿ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸುಧಾರಿಸಿತು. ಇನ್ನು ಬೆವರಿನೊಡನೆ ದೇಹದ ವಿಷವೆಲ್ಲ ಹೊರಗೆ ಹೋಗುತ್ತದೆ ಎಂಬ ಮಾತು. ಬೆವರೆಂದರೆ ಬಹುತೇಕ ನೀರು ಮತ್ತು ಉಪ್ಪು. ವಿಷ ತೆಗೆಯುವ ಕೆಲಸ ಯಕೃತ್ತಿನದು, ಮೂತ್ರಪಿಂಡದ್ದು. ಅವು ಕನ್ನಡಿಯಲ್ಲಿ ಕಾಣುವುದಿಲ್ಲವಾದ್ದರಿಂದ ಅವಕ್ಕೆ ಜಾಹೀರಾತು ಇಲ್ಲ.

ತೊಡಕು ಇರುವುದು ಇಲ್ಲಿಯೇ. ಕಾವು ಶ್ರಮದ ಅನುಭವವನ್ನು ಸಾಲವಾಗಿ ಕೊಡುತ್ತದೆ. ತೊಟ್ಟಿಕ್ಕುವ ಬೆವರು, ಬಡಿದುಕೊಳ್ಳುವ ಎದೆ, ಮುಗಿದ ಮೇಲಿನ ಹಗುರ ಇವನ್ನೆಲ್ಲ ನೋಡಿ ಏನೋ ದೊಡ್ಡದು ಘಟಿಸಿತು ಎಂದು ಮನಸ್ಸು ನಂಬುತ್ತದೆ. ಘಟಿಸಿದ್ದರಲ್ಲಿ ನನ್ನ ಪಾಲೆಷ್ಟು, ಹೀಟರಿನ ಪಾಲೆಷ್ಟು ಎಂಬ ವಿಂಗಡಣೆ ಆಗುವುದಿಲ್ಲ. ವಿಂಗಡಣೆ ಆಗದಲ್ಲಿ, ಕೃತಜ್ಞತೆ ಪೂರ್ತಿಯಾಗಿ ಕೋಣೆಯ ಒಡೆಯನಿಗೆ ಸಲ್ಲುತ್ತದೆ. ಆ ಒಡೆಯ ಅದನ್ನು ಹೇಗೆ ಬಳಸಿಕೊಂಡ ಎಂಬುದು ದಾಖಲಾಗಿದೆ. 2013ರಿಂದ ಹಲವು ಮಹಿಳೆಯರು ಬಿಕ್ರಮ್ ಮೇಲೆ ಅತ್ಯಾಚಾರ, ಲೈಂಗಿಕ ದೌರ್ಜನ್ಯದ ದೂರು ಹೂಡಿದರು. ಅವನು ನಿರಾಕರಿಸಿದ. ಅವನದೇ ಸಂಸ್ಥೆಯಲ್ಲಿ ಕಾನೂನು ಸಲಹೆಗಾರ್ತಿಯಾಗಿದ್ದ ಮಹಿಳೆಯ ಮೊಕದ್ದಮೆಯಲ್ಲಿ 2016ರಲ್ಲಿ ಜ್ಯೂರಿ 70 ಲಕ್ಷ ಡಾಲರಿಗೂ ಮಿಕ್ಕಿ ಪರಿಹಾರ ವಿಧಿಸಿತು. 2017ರಲ್ಲಿ ಬಂಧನದ ವಾರಂಟ್ ಹೊರಡುವ ಹೊತ್ತಿಗೆ ಅವನು ಅಮೆರಿಕ ಬಿಟ್ಟಾಗಿತ್ತು.

ಹೀಟರನ್ನೇ ಆರೋಪಿಯ ಕಟಕಟೆಗೆ ತಳ್ಳಿದರೆ ಅದೂ ಅನ್ಯಾಯ. ಹೀಟರ್ ಇಲ್ಲದ ಮೈಸೂರಿನಲ್ಲೂ, 2009ರಲ್ಲಿ ಜೋಯಿಸರು ತೀರಿಕೊಂಡ ಮೇಲೆ ಹಲವು ಶಿಷ್ಯೆಯರು ಅವರು ಮೈ ಮುಟ್ಟುತ್ತಿದ್ದ ರೀತಿಯ ಬಗ್ಗೆ ಬಹಿರಂಗವಾಗಿ ದೂರಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಅದಕ್ಕಾಗಿ ಕ್ಷಮೆ ಕೇಳಿದರು. ಹೊರಗಿನ ಕಾವು ಯಂತ್ರದಿಂದಲೂ ಬರಬಹುದು, ಗುರುವಿನ ಕಣ್ಣಿನಿಂದಲೂ ಬರಬಹುದು. ತಗ್ಗಿಸುವ ಗುಂಡಿ ಅಭ್ಯಾಸಿಯ ಕೈಯಲ್ಲಿ ಇಲ್ಲದಿದ್ದರೆ ಎರಡೂ ಒಂದೇ.

ಸ್ವಾತ್ಮಾರಾಮ ಇದನ್ನು ಕಂಡಿದ್ದನೆಂದು ತೋರುತ್ತದೆ. ಯೋಗ ಕೈಗೂಡಲು ಬೇಕಾದ ಆರು ಗುಣಗಳಲ್ಲಿ ಮೊದಲನೆಯದು ಉತ್ಸಾಹ ಎನ್ನುವ ಅವನು, ಅದಕ್ಕೆ ಹಿಂದಿನ ಶ್ಲೋಕದಲ್ಲೇ ಯೋಗವನ್ನು ಕೆಡಿಸುವ ಆರನ್ನು ಎಣಿಸುತ್ತಾನೆ. ಅತಿಶ್ರಮವೂ ನಿಯಮಕ್ಕೆ ಕಚ್ಚಿಕೊಳ್ಳುವುದೂ ಅದರಲ್ಲಿವೆ. ವ್ಯಾಯಾಮವನ್ನು ನಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕು ಎನ್ನುವ ಆಯುರ್ವೇದ, ಹಣೆಯಲ್ಲಿ, ಕಂಕುಳಲ್ಲಿ ಬೆವರೊಡೆದರೆ ಸಾಕು ಎಂದು ಗೆರೆ ಹಾಕುತ್ತದೆ. ಉತ್ಸಾಹಕ್ಕೂ ಅತಿಗೂ ನಡುವಿನ ಈ ಗೆರೆಯನ್ನು ಎಳೆದುಕೊಳ್ಳುವ ಹಕ್ಕು ನನ್ನದಾಗಿರುವವರೆಗೆ ಬಿಸಿ ಕೋಣೆಯ ಒಲವು ನನಗೆ ಒಪ್ಪಿಗೆ. ಯಾರಾದರೂ ಬಾಗಿಲಲ್ಲಿ ನಿಂತು, ಇನ್ನೂ ಹತ್ತು ನಿಮಿಷ ತಾಳಿಕೊಳ್ಳಿ, ಹೊರಗೆ ಹೋಗಬೇಡಿ ಎಂದ ಗಳಿಗೆಯಿಂದ ಅದು ಅವರ ಒಲವು, ನನ್ನದಲ್ಲ.

ಆದ್ದರಿಂದ ಈ ಹುಚ್ಚು ಹಿಡಿದವರಲ್ಲಿ ಒಂದು ವಿನಂತಿ. ಗರ್ಭಿಣಿಯರು, ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಆ ಕೋಣೆಗೆ ಹೋಗಬೇಡಿ. ಮಿಕ್ಕವರು ಹೋಗಿ, ತಲೆ ಸುತ್ತಿದರೆ ಯಾರ ಅಪ್ಪಣೆಗೂ ಕಾಯದೆ ಹೊರಗೆ ಬನ್ನಿ. ವರ್ಷಕ್ಕೊಂದು ತಿಂಗಳಾದರೂ ಅದೇ 26 ಆಸನಗಳನ್ನು ಅದೇ ಕ್ರಮದಲ್ಲಿ ಮನೆಯಲ್ಲಿ, ಕಿಟಕಿ ತೆರೆದು, ಬೇಕಿದ್ದರೆ ಫ್ಯಾನ್ ಹಾಕಿಕೊಂಡು ಮಾಡಿ ನೋಡಿ. ಆಗಲೂ ಚಾಪೆ ಹಾಸುವ ಮನಸ್ಸಾಗುತ್ತದೆಯೇ ಎಂಬುದು ನಿಮಗೇ ಗೊತ್ತಾಗುತ್ತದೆ. ಕಾನೂನಿನ ಅಡ್ಡಿಯೂ ಇಲ್ಲ. ಈ ಆಸನಕ್ರಮ ತನ್ನ ಸ್ವತ್ತು, ಇದಕ್ಕೆ ಕೃತಿಸ್ವಾಮ್ಯವಿದೆ ಎಂದು ಬಿಕ್ರಮ್ ವರ್ಷಗಟ್ಟಲೆ ಹೂಡಿದ್ದ ವಾದವನ್ನು ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2015ರ ಅಕ್ಟೋಬರಿನಲ್ಲಿ ತಳ್ಳಿಹಾಕಿದೆ.